ಕ್ಯೂ ಅಕ್ಷರದ ಕಾರು

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ರಬ್ಬರ್ ಪಟ್ಟಿ ಅಂಟಿಸುವ ಕೆಲಸ. ಡ್ಯಾಶ್‌ಬೋರ್ಡಿನ ಅಂಚಿಗೆ, ಕನ್ನಡಿಯ ಕಾಲಿಗೆ, ಬಾನೆಟ್ಟಿನ ಬಕಲ್‌ಗೆ. ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗೆ ಬಿಡುವ ಮುಂಚೆ ನೋಡುವ ಟೆಸ್ಟಿನವರು ಕೋಲಿಗೆ ಸಿಕ್ಕಿಸಿದ ಒಂದು ಚೆಂಡು ಹಿಡಿದುಕೊಂಡು ಬರುತ್ತಾರೆ. ಆ ಚೆಂಡು ಮುಟ್ಟುವ ಕಡೆಯೆಲ್ಲ ಅಂಚು ದುಂಡಗಿರಬೇಕು. ಚೂಪಾಗಿದ್ದರೆ ಫೇಲ್. 1955ರ ಅಸಲಿ ರೇಸ್ ಕಾರಿನಲ್ಲಿ ಸೀಟ್ ಬೆಲ್ಟೇ ಇರಲಿಲ್ಲ. ನನ್ನ ನಕಲಿಗೆ ಮಾತ್ರ ತೊಟ್ಟಿಲಿಗೆ ಹಾಕುವ ನಿಯಮ!

ಪಕ್ಕದ ಮನೆ ಕ್ಲೈವ್ ಟೀ ಕಪ್ ಹಿಡಿದುಕೊಂಡೇ ಗ್ಯಾರೇಜಿಗೆ ಬಂದ.

"ಟೆಸ್ಟ್ ಆದ ಮಾರನೇ ದಿನ ಇದನ್ನೆಲ್ಲ ಕಿತ್ ಬಿಸಾಕ್ತೀಯ ತಾನೆ?"

"ಎಲ್ರೂ ಮಾಡೋದು ಅದೇ."

"ಮತ್ತೆ ಮದುವೆ ಹೆಣ್ಣಿಗೆ ಮೇಕಪ್ ಮಾಡ್ದಂಗೆ ಯಾಕೋ ಕೂತಿದೀಯ?"

ಇನ್ನೊಂದು ಪಟ್ಟಿ ಕತ್ತರಿಸಿದೆ. ಅವನಿಗೆ ಇದೆಲ್ಲ ತಮಾಷೆ. ಟೆಸ್ಟ್ ಪಾಸಾಗದೆ ನಂಬರ್ ಇಲ್ಲ, ನಂಬರ್ ಇಲ್ಲದೆ ರಸ್ತೆ ಇಲ್ಲ. ವೇಲ್ಸ್ ಗಡಿಯ ಈ ಆಸ್ವೆಸ್ಟ್ರಿಯ ಬೀದಿಗಳಲ್ಲಿ ಬ್ಯಾಟರಿ ಗಾಡಿಯಲ್ಲಿ ಹಾಲು ಹಾಕಿದವನು ನಾನು. ನಾಯಿ ಅಟ್ಟಿಸಿಕೊಂಡು ಬಂದರೆ ನಾಯಿಯೇ ಗೆಲ್ಲುತ್ತಿತ್ತು. ಬದುಕಿನಲ್ಲಿ ಒಂದು ಸಲ, ಒಂದೇ ಸಲ, ನನ್ನ ಕೈಯಾರೆ ಕಟ್ಟಿದ ಕಾರಿನಲ್ಲಿ ಹೆಂಡತಿ ಗ್ಲೆನಿಸ್‌ಳನ್ನು ಕೂರಿಸಿಕೊಂಡು ವೇಲ್ಸ್ ಬೆಟ್ಟ ದಾಟಿ ಬಾರ್ಮತ್ ಸಮುದ್ರದ ತನಕ ಹೋಗಬೇಕು. ಇಷ್ಟೇ ಆಸೆ.

ಗ್ಲೆನಿಸ್‌ಗೆ ಇನ್ನೂ ಹೇಳಿಲ್ಲ. ಟಾಪ್ ಇಲ್ಲದ ಕಾರು, ತಲೆಗೂದಲು ಹಾಳಾಗುತ್ತದೆ ಅಂತಾಳೆ.

ಮಾರ್ಚ್ 9, ಶನಿವಾರ

ಗ್ಯಾರೇಜಿನ ಟ್ಯೂಬ್‌ಲೈಟ್ ಮಂಕಾಗಿತ್ತು. ಹೊಸದು ಹಾಕಿದೆ. ಅದೂ ಮಂಕು. ಈಗಿನ ಸಾಮಾನೇ ಹೀಗೆ.

ಈ ಡೈರಿಗೂ ದಪ್ಪ ಪೆನ್ನು ತಂದೆ. ಗೆರೆ ಚೆನ್ನಾಗಿ ಮೂಡುತ್ತದೆ.

ಏಪ್ರಿಲ್ 11, ಗುರುವಾರ, ಸಂಜೆ

ಫೇಲ್.

ಟೆಸ್ಟಿಗೆ ಬುಕ್ ಮಾಡಿದ ದಿನ ನಂಬರ್ ಇಲ್ಲದೆಯೂ ಅಲ್ಲಿಯವರೆಗೆ ಓಡಿಸಿಕೊಂಡು ಹೋಗಬಹುದು, ಕಾನೂನಿನಲ್ಲೇ ಇದೆ. ಮುಂದೆ ಕ್ಲೈವ್‌ನ ಬಿಳಿ ವ್ಯಾನ್, ಹಿಂದೆ ನಾನು. ಅದರ ಬ್ರೇಕ್ ಲೈಟ್ ನೋಡಿಕೊಂಡು ಹೋದೆ. ಮೊದಲ ಸಲ ಮೂರನೇ ಗೇರು! ಗಾಳಿಗೆ ಕಣ್ಣಲ್ಲಿ ನೀರು. ಹಾಡಿದೆ ಕೂಡ, ಯಾರಿಗೂ ಕೇಳಿಸದು ಎಂಬ ಧೈರ್ಯದ ಮೇಲೆ.

ಪರೀಕ್ಷಕಿ ಮಿಸೆಸ್ ಪಾರ್ಟ್ರಿಜ್. ಕಾಲರಿಗೆ ಪೆನ್ನು ಸಿಕ್ಕಿಸಿಕೊಂಡ ಹೆಂಗಸು, ನಗು ಕಡಿಮೆ. ಚೆಂಡು ಹಿಡಿದು ಸುತ್ತಲೂ ಬಂದಳು. ನನ್ನ ರಬ್ಬರ್ ಪಟ್ಟಿಯನ್ನೆಲ್ಲ ಮುಟ್ಟಿ ತಲೆಯಾಡಿಸಿದಳು. ಆಮೇಲೆ ಚಾಸಿ ಮೇಲೆ ಕೊರೆದ ನಂಬರ್ ಓದಿ ಹೇಳಿ ಅಂದಳು, ಅವಳು ಕಾಗದದಲ್ಲಿ ತಾಳೆ ನೋಡಬೇಕಿತ್ತು. ಗಡಗಡ ಹೇಳಿದೆ.

"ಸರ್, ನೀವು ಬೇರೆ ಕಡೆ ನೋಡ್ಕೊಂಡು ಹೇಳ್ತಿದೀರ."

"ಬಾಯಿಪಾಠ ಮೇಡಂ. ಕೊರೆದೋನು ನಾನೇ ಅಲ್ವಾ."

ಏನೋ ಯೋಚಿಸಿದಳು. ಬರೆದುಕೊಳ್ಳಲಿಲ್ಲ.

ಫೇಲ್ ಆದದ್ದು ಸ್ಟೇರಿಂಗಿನಲ್ಲಿ. ತಿರುಗಿಸಿ ಕೈಬಿಟ್ಟರೆ ಚಕ್ರ ತಾನಾಗಿ ನೆಟ್ಟಗಾಗಬೇಕು. ನನ್ನದು ತಿರುಗಿದಲ್ಲೇ ನಿಲ್ಲುತ್ತದೆ. "ಇದನ್ನ ಸರಿ ಮಾಡ್ಕೊಂಡು ಬನ್ನಿ, ಮಿಕ್ಕಿದ್ದು ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ" ಅಂದಳು. ಅಷ್ಟರ ಮಟ್ಟಿಗೆ ಸಮಾಧಾನ.

ವಾಪಸ್ ಬರುವಾಗ ಎಲ್ಲಿಂದಲೋ ಒಬ್ಬ ಸೈಕಲ್‌ನವನು ದಿಢೀರ್ ಎಂದು ಎದುರಿಗೆ. ಬ್ರೇಕ್ ಹಾಕಿದೆ, ತಗುಲಲಿಲ್ಲ. ಬೈದುಕೊಂಡು ಹೋದ. ಮನೆ ಮುಂದೆ ಕ್ಲೈವ್ ವ್ಯಾನಿನಿಂದ ಇಳಿದು ನೇರ ನನ್ನ ಹತ್ತಿರ ಬಂದ. ಕನ್ನಡಿಯಲ್ಲಿ ನೋಡಿದ್ದನಂತೆ.

"ಎಲ್ಲಿಂದ ಬಂದ್ನೋ ಅವ್ನು, ಗೊತ್ತೇ ಆಗ್ಲಿಲ್ಲ" ಅಂದೆ.

"ಎಲ್ಲಿಂದ್ಲೂ ಬರ್ಲಿಲ್ಲ ಕಣೋ. ಆ ನೇರ ರಸ್ತೇಲಿ ನಮ್ ಮುಂದೇನೇ ಇದ್ದ. ಹಳದಿ ಜಾಕೆಟ್ ಹಾಕ್ಕೊಂಡು."

ಇಬ್ಬರೂ ಸೇರಿ ಕಾರನ್ನು ಗ್ಯಾರೇಜಿಗೆ ತಳ್ಳಿ ಬಾಗಿಲು ಹಾಕಿದೆವು.

ಏಪ್ರಿಲ್ 30, ಮಂಗಳವಾರ

ಪಾಸ್!! ಮುಂದಿನ ಚಕ್ರದ ಕೋನ ಬದಲಿಸಿದ್ದೇ ಬದಲಿಸಿದ್ದು, ಸ್ಟೇರಿಂಗ್ ಸಾಕಿದ ಕುದುರೆಯ ಹಾಗೆ ತಾನೇ ನೆಟ್ಟಗಾಗುತ್ತದೆ. ಈ ಸಲ ಕ್ಲೈವ್ ಕೇಳದೆಯೇ ಟ್ರೇಲರ್ ತಂದಿದ್ದ. ಅದರ ಮೇಲೇರಿಸಿ ಹೋದೆವು. ಯಾಕೆ ಅಂತ ನಾನೂ ಕೇಳಲಿಲ್ಲ.

ಗ್ಲೆನಿಸ್ ಕೇಕ್ ಮಾಡಿದ್ದಳು. ಫೇಲ್ ಆಗಿದ್ದರೂ ಇದೇ ಕೇಕ್ ಅಂತೆ.

ಮೇ 17, ಶುಕ್ರವಾರ

ಸ್ವಾನ್ಸಿಯ ವಾಹನ ನೋಂದಣಿ ಆಫೀಸಿಗೆ ಕಳಿಸಿದ ಕಾಗದಗಳಿಗೆ ಉತ್ತರ ಬಂತು. ಎಂಜಿನ್ ಒಂದು ಹಳೆ ಕಾರಿನದು, ಗೇರ್‌ಬಾಕ್ಸ್ ಇನ್ನೊಂದರದು, ಮೈ ಫೈಬರಿನದು. ಹಾಗಾಗಿ ಇದು ಯಾವ ವರ್ಷದ ಕಾರು ಅಂತ ಹೇಳಲಾಗದು. ವರ್ಷ ಹೇಳಲಾಗದ ಗಾಡಿಗೆಲ್ಲ ಕೊಡುವ ನಂಬರನ್ನೇ ಕೊಡುತ್ತಾರೆ — ಕ್ಯೂ ಅಕ್ಷರದಿಂದ ಶುರುವಾಗುವುದು.

ಬೇಜಾರಾಯಿತು. ಹಳೆ ಕಾಲದ ನಂಬರಿನ ಆಸೆ ಇತ್ತು. ಕ್ಯೂ ಕಂಡರೆ ಕಾರು ಬಲ್ಲವರು ಮೂಗು ಮುರಿಯುತ್ತಾರೆ.

"ಅಪ್ಪ ಅಮ್ಮ ಯಾರೋ ಗೊತ್ತಿಲ್ದಿರೋ ಮಗು" ಅಂತ ಕ್ಲೈವ್ ನಕ್ಕ.

ಗ್ಲೆನಿಸ್‌ಗೆ ರೇಗಿತು. "ಗೊತ್ತಿಲ್ದೆ ಏನು? ಆರು ವರ್ಷದಿಂದ ನನ್ ಗಂಡ ಊಟಕ್ಕೆ ಕರದ್ರೂ ಬರ್ದೆ ಇದರ ಕೆಳಗೇ ಮಲ್ಗಿದ್ದ. ಇದಕ್ಕಿಂತ ಗೊತ್ತಿರೋ ಅಪ್ಪ ಬೇಕಾ?"

ಅವಳು ಕಾರಿನ ಪರ ಮಾತಾಡಿದ್ದು ಇದೇ ಮೊದಲು. ಕ್ಯೂ ಆದರೆ ಕ್ಯೂ ಆಗಲಿ ಅಂತ ಸಹಿ ಹಾಕಿದೆ.

ಜೂನ್ 6, ಗುರುವಾರ

ಸ್ವಾನ್ಸಿಯಿಂದ ಲಕೋಟೆ. ನಂಬರ್ ಬಂತು ಅಂತ ಹರಿದೆ. ಅಲ್ಲ. ನನ್ನ ಬಗ್ಗೆ. ಮುಂದಿನ ತಿಂಗಳು ಎಪ್ಪತ್ತು ತುಂಬುತ್ತದಲ್ಲ, ಡ್ರೈವಿಂಗ್ ಲೈಸೆನ್ಸ್ ಹೊಸದು ಮಾಡಿಸಬೇಕು. ಯಾವ ಪರೀಕ್ಷೆಯೂ ಇಲ್ಲ. ಕಣ್ಣು ಸರಿ ಇದೆಯಾ — ಇಪ್ಪತ್ತು ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ — ಅಂತ ಕೇಳುತ್ತಾರೆ. ನಾವೇ ಟಿಕ್ ಹಾಕಿ ಕಳಿಸುವುದು. ಯಾರೂ ಬಂದು ನೋಡುವುದಿಲ್ಲ.

ಬಲ್ಲೆ ಅಂತ ಟಿಕ್ ಹಾಕಿದೆ. ಲಕೋಟೆ ಅಂಟಿಸಿ ಕೋಟಿನ ಜೇಬಿನಲ್ಲಿಟ್ಟೆ.

ಜೂನ್ 12, ಬುಧವಾರ

ಲಕೋಟೆ ಇನ್ನೂ ಜೇಬಿನಲ್ಲೇ. ಪೋಸ್ಟ್ ಡಬ್ಬದವರೆಗೆ ಎರಡು ಸಲ ಹೋಗಿ ಬಂದೆ. ಮಳೆ ಬರುವ ಹಾಗಿತ್ತು.

ಜೂನ್ 22, ಶನಿವಾರ

ನಂಬರ್ ಬಂತು. ನೋಂದಣಿಯ ಲಾಗ್‌ಬುಕ್‌ನಲ್ಲಿ ನನ್ನ ಹೆಸರು, ಅಚ್ಚಾಗಿ. ಪೇಟೆಗೆ ಹೋಗಿ ಪ್ಲೇಟ್ ಮಾಡಿಸಿ ತಂದು, ಮುಂದೆ ಬಿಳಿಯದು ಹಿಂದೆ ಹಳದಿಯದು, ಸ್ಕ್ರೂ ಬಿಗಿದೆ. ಕ್ಲೈವ್ ಫೋಟೋ ತೆಗೆದ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ. ಇಷ್ಟು ದಿನ ಗ್ಯಾರೇಜಿನಲ್ಲಿದ್ದ ಸಾಮಾನು, ಇವತ್ತು ಕಾರು.

ಅವರೆಲ್ಲ ಒಳಗೆ ಹೋದ ಮೇಲೆ ಟೇಪ್ ತಂದು ಓಣಿಯಲ್ಲಿ ಇಪ್ಪತ್ತು ಮೀಟರ್ ಅಳೆದೆ. ನಿಂತೆ. ತಿರುಗಿ ನೋಡಿದೆ. ನಂಬರ್ ಓದಿದೆ, ಒಂದಕ್ಷರ ತಪ್ಪದೆ.

ಖುಷಿ ಒಂದು ಗಳಿಗೆ. ಅದು ಓದಿದ್ದಲ್ಲ. ಬೆಳಿಗ್ಗೆಯಿಂದ ಬಾಯಲ್ಲಿ ಜಪಿಸುತ್ತಿದ್ದದ್ದು ಅದನ್ನೇ. ಪಕ್ಕದಲ್ಲಿ ಯಾರದೋ ನೀಲಿ ಕಾರು ನಿಂತಿತ್ತು. ಅದರ ಪ್ಲೇಟ್ ನೋಡಿದೆ. ಒಂದು ಹಳದಿ ಕಲೆ. ಮುಂದೆ ಹೆಜ್ಜೆ ಹಾಕಿದೆ, ಇನ್ನೂ ಕಲೆ. ಇನ್ನಷ್ಟು ಮುಂದೆ. ಅಕ್ಷರ ಮೂಡುವ ಹೊತ್ತಿಗೆ ಕೈ ಚಾಚಿದರೆ ಕಾರು ಸಿಗುತ್ತಿತ್ತು.

ಗ್ಲೆನಿಸ್ ಬಾಗಿಲಲ್ಲಿ. "ಟೇಪ್ ಹಿಡ್ಕೊಂಡು ಏನ್ ಮಾಡ್ತಿದೀಯ?"

ಹೇಳಿಬಿಟ್ಟೆ. ಸೈಕಲ್‌ನವನು, ಲಕೋಟೆ, ಎಲ್ಲ. ನನ್ನ ಕೈಯಿಂದ ಟೇಪ್ ತೆಗೆದುಕೊಂಡು ನಿಧಾನವಾಗಿ ಸುತ್ತಿದಳು. ಹೆದರಿಕೆಯಾಯಿತು.

"ಬೈಬೇಕು ಅನ್ಸ್ತಿದೆ" ಅಂದಳು. "ನಾಳೆ ಬೈತೀನಿ. ಸೋಮವಾರ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ. ಈಗ ಒಳಗ್ ಬಾ, ಟೀ ಆರ್ತಿದೆ."

ಜೂನ್ 23, ಭಾನುವಾರ

ಹೇಳಿದ ಹಾಗೆಯೇ ಬೈದಳು. ಚೆನ್ನಾಗಿಯೇ ಬೈದಳು.

ಜೂನ್ 26, ಬುಧವಾರ

ಡಾಕ್ಟರ್ ಹೇಳಿದ್ದು: ಕಣ್ಣಿನ ನಡುಭಾಗ ಸವೆದಿದೆ, ಎರಡೂ. ಇನ್ನಷ್ಟು ಹಾಳಾಗದ ಹಾಗೆ ತಡೆಯಬಹುದು, ಹೋದದ್ದು ಬಾರದು. ಡ್ರೈವಿಂಗ್ ಇವತ್ತಿನಿಂದಲೇ ಬೇಡ.

ಲಕೋಟೆ ಹರಿದು ಒಲೆಗೆ ಹಾಕಿದೆ. ಲೈಸೆನ್ಸ್ ವಾಪಸ್ ಕಳಿಸಿದೆ. ದುಃಖ ಇದೆ. ಹೇಗೆ ಹೇಳಲಿ... ಆ ಪಾಪದ ಹಳದಿ ಜಾಕೆಟ್ಟಿನವನು ಎಲ್ಲೋ ಸೈಕಲ್ ತುಳಿಯುತ್ತಿದ್ದಾನೆ ಎಂದುಕೊಂಡರೆ ಸ್ವಲ್ಪ ಉಸಿರಾಡಬಹುದು.

ಕಾರು ಮಾರೋಣ ಅಂದೆ. ಗ್ಲೆನಿಸ್ ಪಾತ್ರೆ ಒರೆಸುತ್ತಿದ್ದವಳು ತಿರುಗಿ ನೋಡಲಿಲ್ಲ.

"ಯಾರಿಗೆ?"

"ಯಾರಿಗಾದ್ರೂ."

"ಯಾರಿಗಾದ್ರೂ ಅಂದ್ರೆ ಅದ್ರಲ್ಲಿ ನಾನೂ ಬರ್ತೀನಲ್ವಾ?"

ಜುಲೈ 12, ಶುಕ್ರವಾರ

ಹೊಸ ಲಾಗ್‌ಬುಕ್. ಭೂತಗನ್ನಡಿ ಹಿಡಿದು ಓದಿದೆ. ಹೆಸರಿನ ಜಾಗದಲ್ಲಿ ಗ್ಲೆನಿಸ್. ಕೆಳಗೆ, ಹಿಂದಿನ ಮಾಲೀಕರು: ಒಂದು.

ಆ ಒಂದು ನಾನು. ಇಪ್ಪತ್ತು ದಿನದ ಮಾಲೀಕ, ನಂಬರ್ ಬಂದ ಮೇಲೆ ಒಂದು ಮೈಲಿಯೂ ಓಡಿಸದವನು. ಅವಳು ಪೆನ್ನು ತೆಗೆದುಕೊಂಡು ಏನಾದರೂ ಬರೆಯುತ್ತಾಳೇನೋ ಅಂದುಕೊಂಡೆ. ಇಲ್ಲ. ಅದರ ಮೇಲೆ ಒಂದು ಸಲ ಬೆರಳಾಡಿಸಿ ಡ್ರಾಯರಿನಲ್ಲಿಟ್ಟಳು.

ಜುಲೈ 13, ಶನಿವಾರ, ಬೆಳಿಗ್ಗೆ

ಬಿಸಿಲು. ಗ್ಲೆನಿಸ್ ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಾಳೆ. ಲೈಸೆನ್ಸ್ ಅವಳಿಗೂ ಇದೆ, ಸ್ಟೇರಿಂಗ್ ಹಿಡಿದು ವರ್ಷಗಳಾಗಿವೆ ಅಷ್ಟೇ. ಬೆಳಗಿನ ತಿಂಡಿಗೆ ಮುಂಚೆಯೇ ಓಣಿಯಲ್ಲಿ ನಾಲ್ಕು ಸುತ್ತು ಹೊಡೆದು, ಎರಡು ಸಲ ಎಂಜಿನ್ ನಿಲ್ಲಿಸಿ, ಕ್ಲೈವ್‌ನ ಕೈಲಿ ಚಪ್ಪಾಳೆ ಹೊಡೆಸಿಕೊಂಡಳು. ಬುಟ್ಟಿಯಲ್ಲಿ ಸ್ಯಾಂಡ್‌ವಿಚ್. ಬಾರ್ಮತ್.

ನಾನು ಎಡಗಡೆ ಸೀಟಿನಲ್ಲಿ. ಆ ಸೀಟಿನಲ್ಲಿ ಕೂತೇ ಇಲ್ಲ ಇಷ್ಟು ವರ್ಷ. ಅಲ್ಲಿಂದ ಬಾನೆಟ್ ಹೇಗೆ ಕಾಣುತ್ತದೋ, ಎಷ್ಟು ಕಾಣುತ್ತದೋ. ಏನು ಬಂತು, ಯಾವ ಬೆಟ್ಟ, ಸಮುದ್ರ ಎಲ್ಲಿ ಶುರುವಾಯಿತು ಎಲ್ಲ ತಾನೇ ಹೇಳುತ್ತಾಳಂತೆ. ನನ್ನ ಕೆಲಸ ಗೇರಿನ ಸದ್ದು ಕೇಳುವುದು.

ಹಾರ್ನ್ ಹೊಡೆಯುತ್ತಿದ್ದಾಳೆ. "ಬರ್ದಿದ್ ಸಾಕು, ಬಾರೋ!" ಅಂತ ಬೀದಿಗೆಲ್ಲ ಕೇಳುವ ಹಾಗೆ

ಬಂದೆ