ಬಾತುಮರಿ ಮುಳುಗಿತು

ಬುಧವಾರ, ಹನ್ನೊಂದನೇ ತಾರೀಕು.

ಬಾತುಕೋಳಿಯೂ ನೀರಲ್ಲಿ ಮುಳುಗಿ ಸಾಯುತ್ತದೆ ಎಂದು ಅರವತ್ತೆಂಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಕೆಂಪು ಹೇಂಟೆಯನ್ನು ಬಾತಿನ ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿ ಮಾಡಿಸಿದ ಐದು ಬಾತುಮರಿಗಳಿಗೆ ನಾನೇ ತೊಟ್ಟಿ ಕಟ್ಟಿದ್ದೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಇರುವೆ ಹತ್ತಿದರೂ ಜಾರಬೇಕು, ಒಳಗೋಡೆಯನ್ನು ಅಷ್ಟು ನಯವಾಗಿ ತಿಕ್ಕಿದ್ದೆ.

"ರೀ, ಹತ್ತೋಕೆ ಒಂದು ಇಟ್ಟಿಗೆನಾದ್ರೂ ಇಡಿ" ಅಂದಳು ಇವಳು.

"ಬಾತುಕೋಳಿಗೆ ಈಜು ಹೇಳ್ಕೊಡೋಕೆ ಬಂದ್ಬಿಟ್ಲು, ಹೋಗೇ!"

ನಾಯಿಯನ್ನು ಕಟ್ಟಿದೆ, ಬೆಕ್ಕನ್ನು ಒಳಗೆ ಕೂಡಿದೆ, ಇನ್ನೇನು ಭಯ ಎಂದು ಮರಿಗಳನ್ನು ನೀರಿಗೆ ಬಿಟ್ಟೆ. ಹೇಂಟೆ ತೊಟ್ಟಿಯ ಸುತ್ತ ಓಡಿ ಅರಚತೊಡಗಿತು. ಪೆದ್ದು ಮುಂಡೇದು, ಯಾರ ಮಕ್ಕಳಿಗೋ ಬಡ್ಕೊಳ್ತಿದೆ ಎಂದು ನಕ್ಕು, ಅದರ ಮೇಲೆ ಬುಟ್ಟಿ ಕವುಚಿ, ಕಲ್ಲು ಹೇರಿ ಮಲಗಲು ಹೋದೆ. ಬುಟ್ಟಿಯೊಳಗೂ ಅದು ಬಾಯಿ ಮುಚ್ಚಲಿಲ್ಲ.

ಎದ್ದು ಬಂದು ನೋಡಿದರೆ ಮರಿಗಳ ಮೈ ಒದ್ದೆ ಬಟ್ಟೆಯಂತಾಗಿ ಕತ್ತು ಮಾತ್ರ ಮೇಲಿತ್ತು. ಒಂದಕ್ಕೆ ಅದೂ ಇಲ್ಲ. ಕೋಳಿ ಸಾಕಿದ ಮರಿಗೆ ತಾಯಿಬಾತಿನ ಜಿಡ್ಡು ತಾಗಿರುವುದಿಲ್ಲ, ಬೇಗ ನೆನೆಯುತ್ತದೆ ಎಂದರು ಪಶುಡಾಕ್ಟರು, ಫೋನಿನಲ್ಲಿ. ನನ್ನ ನಯದ ಗೋಡೆ ಹತ್ತಲಾಗದೆ ಜಾರಿ ಜಾರಿ ಸೋತಿದ್ದವು.

ಇವಳು ನಾಲ್ಕನ್ನೂ ಒರೆಸಿದಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಬುಟ್ಟಿ ಎತ್ತಿದೆ. ಹೇಂಟೆ ನಾಲ್ಕನ್ನೂ ರೆಕ್ಕೆಯಡಿ ಎಳೆದುಕೊಂಡು, ತೊಟ್ಟಿಯ ಕಡೆ ಕತ್ತು ಚಾಚಿ, ಕತ್ತಲಾಗುವವರೆಗೂ ಕರೆಯುತ್ತಲೇ ಇತ್ತು. ಕೋಳಿಗೆ ಎಣಿಕೆ ಬರುತ್ತದೆಂದೂ ನನಗೆ ಗೊತ್ತಿರಲಿಲ್ಲ.