ಆರು ಡಿಗ್ರಿ ಇಳಿಜಾರಿನ ಹಾಸಿಗೆ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 7.10

ರಕ್ತ ಕೊಟ್ಟಾಯಿತು. ಎಂಟು ಟ್ಯೂಬ್. ಇವತ್ತಿಗೆ ಇಪ್ಪತ್ತೆರಡನೆಯ ದಿನ. ತಲೆ ಕೆಳಗೆ, ಕಾಲು ಮೇಲೆ. ಆರೇ ಡಿಗ್ರಿ ಇಳಿಜಾರು. ನಿಂತು ನೋಡುವವರಿಗೆ ಏನೂ ಅನ್ನಿಸುವುದಿಲ್ಲ, ಮಲಗಿದವರಿಗೆ ಗೊತ್ತು. ಮುಖ ಊದಿ ಹಂಡೆಯಾಗಿದೆ. ಮೂಗು ಸದಾ ಕಟ್ಟಿರುತ್ತದೆ. ಊಟ, ಸ್ನಾನ, ಹಲ್ಲುಜ್ಜುವುದು, ಉಳಿದದ್ದು... ಎಲ್ಲಾ ಮಲಗಿಕೊಂಡೇ. ತಲೆ ಎತ್ತಿದರೆ ಕ್ಯಾಮೆರಾಗೆ ಸಿಕ್ಕಿಬೀಳುತ್ತೇವೆ.

ಬಾಹ್ಯಾಕಾಶಕ್ಕೆ ಹೋದವರ ರಕ್ತದಲ್ಲಿ ರೋಗ ತಡೆಯುವ ಬಿಳಿ ಕಣಗಳು ಸೋಮಾರಿಯಾಗುತ್ತವಂತೆ. ಅದನ್ನು ನೋಡಲು ಎಲ್ಲರನ್ನೂ ಮೇಲಕ್ಕೆ ಕಳಿಸಲಾದೀತೆ? ಅದಕ್ಕೇ ಆರು ಜನರನ್ನು ಅರವತ್ತು ದಿನ ಹೀಗೆ ಮಲಗಿಸಿ ಮೈಗೆ ಮೋಸ ಮಾಡುವುದು. ತನಗೆ ಭಾರವೇ ಇಲ್ಲವೆಂದು ಮೈ ನಂಬಿಬಿಡುತ್ತದೆ. ನಂಬಲಿ. ನಾನು ಬಂದದ್ದು ಬೇರೆ ಮೋಸಕ್ಕೆ.

ಸೂಜಿ ಹಾಕಿದವನು ಗಪ್‌ಚುಪ್, ಹಿಂದೆ ನಾನೇ ಇಟ್ಟ ಹೆಸರು. ಇಲ್ಲಿನ ಟೆಕ್ನೀಷಿಯನ್. ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಬಾಯಿ ಮಾತ್ರ ಅಂದಿನ ಹಾಗೇ ಮುಚ್ಚಿದೆ. ಬಲಗೈ ಹಿಡಿದ, ಒಂದೇ ಸಲಕ್ಕೆ ನರ ಸಿಕ್ಕಿತು. ನನ್ನ ಗುರುತು ಹತ್ತಿಲ್ಲ ಅವನಿಗೆ. ಒಳ್ಳೆಯದೇ ಆಯಿತು.

ಮಾರ್ಚ್ 5. ಮಧ್ಯಾಹ್ನ

ಮಹಾನುಭಾವ ರೌಂಡ್ಸ್‌ಗೆ ಬಂದಿದ್ದ. ಎಲ್ಲರೂ ‘ದೊಡ್ಡ ಡಾಕ್ಟರ್’ ಅನ್ನುತ್ತಾರೆ. ಈ ಪುಸ್ತಕದಲ್ಲಿ ಮಹಾನುಭಾವ.

“ಹೇಗಿದ್ದೀಯಮ್ಮಾ?” ಅಂದ. ನನ್ನ ಮುಖವನ್ನೇ ನೋಡುತ್ತಾ ಅಂದ. ಮದುವೆಯಾಗಿ ಹೆಸರಿನ ಬಾಲ ಬದಲಾಗಿದೆ, ಹತ್ತು ಕಿಲೋ ಕೂಡಿದೆ, ಅಷ್ಟೇ. ಐದು ವರ್ಷ ಇವನ ಲ್ಯಾಬಿನಲ್ಲಿ ದುಡಿದವಳು ನಾನು. ಟೆಕ್ನೀಷಿಯನ್‌ಗಳ ಮುಖ ನೋಡಿದ್ದರೆ ತಾನೆ ಗುರುತು ಹತ್ತುವುದು.

ಬರೆದಿಡುತ್ತೇನೆ, ಕೋಪ ಆರದಿರಲಿ. ಹನ್ನೊಂದು ವರ್ಷದ ಹಿಂದೆ, ಇದೇ ಕಟ್ಟಡ. ಅತಿಥಿಗಳಿಗೆ ತೋರಿಸಲು ಡೀಪ್ ಫ್ರೀಜರ್ ತೆಗೆದವನು ಇವನು, ಬಾಗಿಲು ಸರಿಯಾಗಿ ಹಾಕದೆ ಹೋದವನೂ ಇವನೇ. ಎರಡು ವರ್ಷದ ಸ್ಯಾಂಪಲ್ ಬೆಳಗಾಗುವಷ್ಟರಲ್ಲಿ ನೀರು. ತಪ್ಪು ನನ್ನ ತಲೆಗೆ. ಯಾರು, ಎಷ್ಟು ಹೊತ್ತಿಗೆ ತೆಗೆದರು ಅಂತ ನನ್ನ ಲ್ಯಾಬ್ ಪುಸ್ತಕದಲ್ಲಿ ಬರೆದಿದ್ದೆ. ವಿಚಾರಣೆಯ ದಿನ ಆ ಹಾಳೆಯೇ ಇರಲಿಲ್ಲ. ಹರಿದಿದ್ದರು. ಫ್ರೀಜರ್ ತೆಗೆದಾಗ ಆ ರೂಮಿನಲ್ಲಿ ಗಪ್‌ಚುಪ್ ಇದ್ದ. ಕೇಳಿದ್ದಕ್ಕೆ, “ನಾನು ನೋಡಲಿಲ್ಲ ಸರ್” ಅಂದ. ಮೂರೇ ಪದ.

ಅಲ್ಲಿಂದ ಯಾವ ಲ್ಯಾಬೂ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಕೆಟ್ಟ ಹೆಸರು ಇನ್ನೂ ತೊಳೆದುಹೋಗಿಲ್ಲ.

ಮಾರ್ಚ್ 9, ಶನಿವಾರ

ಪಕ್ಕದ ಹಾಸಿಗೆಯ ಪಿ.ಟಿ. ಟೀಚರ್‌ಗೆ ತುಟಿಯ ಮೇಲೆ ಬೊಕ್ಕೆ ಎದ್ದಿದೆ. ಪಾಪ, ಹುಟ್ಟಿದಾಗಿನಿಂದ ಸುಮ್ಮನೆ ಕೂತವರಲ್ಲ. ಮಲಗಿದಲ್ಲೇ ಕಾಲ್ಬೆರಳು ಎಣಿಸುತ್ತಾ ಒಂದು, ಎರಡು, ಮೂರು ಅನ್ನುತ್ತಿರುತ್ತಾರೆ. ಮಹಾನುಭಾವನಿಗೆ ಆ ಬೊಕ್ಕೆ ನೋಡಿ ಸಂಭ್ರಮ. ಚಿಕ್ಕವರಿದ್ದಾಗ ಬಂದ ವೈರಸ್ ನರದೊಳಗೆ ಮಲಗಿಯೇ ಇರುತ್ತದಂತೆ. ಕಾವಲು ಸಡಿಲವಾಯಿತೋ, ಎದ್ದು ಬರುತ್ತದೆ. ಅಂದರೆ ಇವರ ಬಿಳಿ ಕಣ ಸೋತಿವೆ, ಅಂದರೆ ಅವನ ಥಿಯರಿ ಗೆದ್ದಿದೆ.

“ನನ್ನ ತುಟಿ ಒಡೆದಿದ್ದಕ್ಕೆ ಇವರಿಗೆ ಬಡ್ತಿ ಸಿಗತ್ತೇನೋ” ಅಂದರು ಟೀಚರ್, ಅವನು ಹೋದ ಮೇಲೆ. ನಗು ಬಂತು. ಮಲಗಿ ನಕ್ಕರೆ ಕೆಮ್ಮು ಬರುತ್ತದೆ.

ನರದಲ್ಲಿ ಮಲಗುವ ವಿದ್ಯೆ ವೈರಸ್‌ಗೆ ಮಾತ್ರ ಗೊತ್ತೇ? ನನಗೂ ಹನ್ನೊಂದು ವರ್ಷದ ಅಭ್ಯಾಸ ಇದೆ.

ಮಾರ್ಚ್ 10, ಭಾನುವಾರ. ಸಂಜೆ 6

ಅರ್ಧ ಮಾತ್ರೆ ನುಂಗಿದೆ. ಇದು ನಾಲ್ಕನೆಯ ವಾರ. ಅಮ್ಮನ ದಮ್ಮಿನ ಮಾತ್ರೆ, ಸ್ಟೆರಾಯ್ಡ್. ಫೇಸ್ ಕ್ರೀಮ್ ಡಬ್ಬಿಯ ತಳದಲ್ಲಿ ಇಟ್ಟು ತಂದದ್ದು. ಭಾನುವಾರ ನುಂಗಿದರೆ ಸೋಮವಾರದ ರಕ್ತದಲ್ಲಿ ಕಾವಲು ಕಣಗಳು ಗೊರಕೆ ಹೊಡೆಯುತ್ತವೆ. ಮಹಾನುಭಾವ ಅದನ್ನು ಇಳಿಜಾರಿನ ಮಹಿಮೆ ಅಂದುಕೊಳ್ಳುತ್ತಾನೆ. ಇರುವವರೇ ಆರು ಜನ, ಒಬ್ಬಳು ಕೆಟ್ಟರೆ ಇಡೀ ಫಲಿತಾಂಶ ಕೆಟ್ಟಿತು.

ಜೂನ್‌ನಲ್ಲಿ ದೊಡ್ಡ ಸಮ್ಮೇಳನ. ಅವನು ವೇದಿಕೆ ಮೇಲೆ ನಿಂತು ಗ್ರಾಫ್ ತೋರಿಸುತ್ತಾನೆ. ಹಿಂದಿನ ಸಾಲಿನಿಂದ ನಾನು ಏಳುತ್ತೇನೆ. ಆ ಗೆರೆ ಬಿದ್ದದ್ದು ನಿಮ್ಮ ಹಾಸಿಗೆಯಿಂದಲ್ಲ ಸರ್, ನನ್ನ ಡಬ್ಬಿಯಿಂದ. ಪರೀಕ್ಷೆ ಮಾಡುವ ಬುದ್ಧಿಯೂ ನಿಮಗಿರಲಿಲ್ಲವೇ? ...ಈ ಮಾತನ್ನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಹೊಟ್ಟೆ ತಣ್ಣಗಾಗುತ್ತದೆ.

ಮಾರ್ಚ್ 18, ಸೋಮವಾರ. 11.20

ಈಗಷ್ಟೇ ಕಂಡದ್ದು, ಬಿಸಿಬಿಸಿಯಾಗಿ ಬರೆಯುತ್ತಿದ್ದೇನೆ.

ಹಾಸಿಗೆಯ ಮೇಲೊಂದು ಕನ್ನಡಿ ಇದೆ, ಬಾಗಿಲ ಕಡೆ ಕಾಣಲಿ ಅಂತ. ಅದರಲ್ಲಿ ಗಾಜಿನ ಗೋಡೆಯಾಚೆಯ ಲ್ಯಾಬ್ ಟೇಬಲ್ಲೂ ಕಾಣುತ್ತದೆ. ಬೆಳಗಿನ ಟ್ಯೂಬುಗಳೆಲ್ಲ ಅಲ್ಲಿ ಸ್ಟ್ಯಾಂಡಿನಲ್ಲಿದ್ದವು. ಆರೂ ಜನರ ರಕ್ತ. ನಡು ಅವಧಿಯ ಸ್ಯಾಂಪಲ್, ಇದೇ ಮುಖ್ಯ. ಗಪ್‌ಚುಪ್ ಕೆಳಗಿನ ಮಹಡಿಗೆ ಹೋಗಿದ್ದ. ಸಮಿತಿಯವರು ನೋಡಲು ಬರುತ್ತಾರೆ ಅಂತ ಮಹಾನುಭಾವನೇ ಬಂದ. ಟೇಬಲ್ ಚೊಕ್ಕಟವಾಗಿ ಕಾಣಬೇಕಲ್ಲ, ಫೋಟೋ ಬೇರೆ. ಸ್ಟ್ಯಾಂಡ್ ಎತ್ತಿದ. ಫ್ರಿಜ್ ತೆಗೆದ. ಒಳಗಿಟ್ಟ. ಬಾಗಿಲು ಹಾಕಿದ. ಈ ಸಲ ಸರಿಯಾಗಿಯೇ ಹಾಕಿದ.

ಜೀವಂತ ಕಣ ಬೇಕಾದರೆ ರಕ್ತ ಫ್ರಿಜ್ ಕಾಣಕೂಡದು. ರೂಮಿನ ಬಿಸಿಯಲ್ಲೇ ಇರಬೇಕು. ಇದು ಟ್ರೈನಿಂಗಿನ ಮೊದಲ ವಾರದ ಪಾಠ. ಆದರೆ ಅವನು ಟೆಸ್ಟ್ ಟ್ಯೂಬ್ ಕೈಯಲ್ಲಿ ಹಿಡಿದು ಇಪ್ಪತ್ತು ವರ್ಷ ಆಗಿರಬೇಕು.

ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಅದೇ ದಿನ. ಸಂಜೆ 4.30

ಸಮಿತಿ ಹೋಯಿತು, ಬೆನ್ನಿಗೇ ಮಹಾನುಭಾವನೂ ಹೊರಟ. ಗಪ್‌ಚುಪ್ ಮೂರು ಗಂಟೆ ಕಾಲ ಟ್ಯೂಬು ಹುಡುಕಿದ. ಫ್ರಿಜ್‌ನಲ್ಲಿ ಹುಡುಕುವುದು ಅವನಿಗೆ ಹೇಗೆ ಹೊಳೆಯಬೇಕು? ಸಿಕ್ಕಾಗ ಸ್ಟ್ಯಾಂಡನ್ನು ಮತ್ತೆ ಟೇಬಲ್ ಮೇಲೆ ತಂದಿಟ್ಟ. ಕನ್ನಡಿಯಲ್ಲಿ ಬೆನ್ನು ಮಾತ್ರ ಕಂಡಿತು. ಇವತ್ತು ಊಟ ರುಚಿಸಿತು.

ಮಾರ್ಚ್ 19

ಅಂದುಕೊಂಡದ್ದೇ ಆಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಸ್ಟ್ಯಾಂಡನ್ನು ಫ್ರಿಜ್‌ಗೆ ಇಟ್ಟವನು ಗಪ್‌ಚುಪ್ ಅಂತೆ. ಮಹಾನುಭಾವ ಗಾಜಿನಾಚೆ ನಿಂತು ಕೈ ಬೀಸಿ ಬೀಸಿ ಬೈದ. ಬರುವ ಸೋಮವಾರ ಸಂಸ್ಥೆಯ ಮುಖ್ಯಸ್ಥೆಯೇ ಬಂದು ವಿಚಾರಣೆ ಮಾಡುತ್ತಾರೆ, ಆಮೇಲೆ ಕೆಲಸದಿಂದ ತೆಗೆಯುವುದು ಅಂತ ನರ್ಸ್ ಹೇಳಿದಳು. ಕ್ಯಾಮೆರಾ ನೋಡಬಹುದಲ್ಲ ಅಂದರು ಟೀಚರ್. ಕ್ಯಾಮೆರಾಗಳೆಲ್ಲ ನಮ್ಮ ತಲೆ ಕಡೆಗೇ ತಿರುಗಿವೆ, ಆ ಟೇಬಲ್ ಕಡೆಗೆ ಒಂದೂ ಇಲ್ಲವಂತೆ. ಟೀಚರ್ ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದರು. ನೋಡಿದವಳು ನಾನೊಬ್ಬಳೇ.

ಅದೇ ಮನುಷ್ಯ, ಅದೇ ತಪ್ಪು. ಮತ್ತು ನನ್ನ ಜಾಗದಲ್ಲಿ, ನೋಡಲಿಲ್ಲ ಅಂದವನೇ ನಿಂತಿದ್ದಾನೆ. ನನ್ನನ್ನು ಕೇಳಿದರೆ ನಾನೂ ಹೇಳುತ್ತೇನೆ — ನಾನು ನೋಡಲಿಲ್ಲ ಮೇಡಂ. ಮೂರೇ ಪದ.

ಮಾರ್ಚ್ 20

ಇವತ್ತೂ ಅದೇ ಖುಷಿ. ಸ್ವಲ್ಪ ಕಡಿಮೆ.

ಮಾರ್ಚ್ 22, ಶುಕ್ರವಾರ. ಬೆಳಿಗ್ಗೆ 9

ಅಕ್ಷರ ಸೊಟ್ಟಗಾದರೆ ಆಗಲಿ, ಈಗಲೇ ಬರೆಯಬೇಕು.

ಗಪ್‌ಚುಪ್ ರಕ್ತ ತೆಗೆಯಲು ಬಂದ. ಫ್ರಿಜ್‌ಗೆ ಹೋದದ್ದರ ಬದಲಿಗೆ ಇನ್ನೊಂದು ಸ್ಯಾಂಪಲ್. ಟೀಚರನ್ನು ಸ್ನಾನದ ಟ್ರಾಲಿಯಲ್ಲಿ ಕರೆದೊಯ್ದಿದ್ದರು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದವನು ಕೈ ಬಿಡಲಿಲ್ಲ.

“ಎಡಗೈಯಲ್ಲಿ ನಿಮಗೆ ನರ ಸಿಗಲ್ಲ ಅಕ್ಕಾ,” ಅಂದ. “ಮೊದಲನೇ ದಿನವೇ ನೀವು ಅಂತ ಗೊತ್ತಾಯ್ತು.”

ಅಕ್ಕಾ. ಈ ಜಾಗದಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಲ್ಯಾಬಿಗೆ ಹೊಸದಾಗಿ ಸೇರಿದವರು ಸೂಜಿ ಹಾಕಲು ಕಲಿಯುವುದು ಜೊತೆಯವರ ಕೈ ಮೇಲೆ. ಅವನು ಕಲಿತದ್ದು ನನ್ನ ಕೈ ಮೇಲೆ. ಎಡಗೈಗೆ ಏಳು ಸಲ ಚುಚ್ಚಿ ಅಳುಮುಖ ಮಾಡಿದ್ದ, ನಾನೇ ನಗುತ್ತಾ ಬಲಗೈ ಕೊಟ್ಟಿದ್ದೆ. ಅವನಿಗೆ ಅದು ನೆನಪಿದೆ. ನನಗೇ ಮರೆತಿತ್ತು.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದರೆ ನಿಮ್ಮನ್ನು ವಾಪಸ್ ಕಳಿಸುತ್ತಿದ್ದರು ಅಂದ. ಆಮೇಲೆ ನೆಲ ನೋಡುತ್ತಾ ಇನ್ನೂ ಒಂದು ಹೇಳಿದ.

“ನಿಮ್ಮ ಬಿಳಿ ಕಣದ ಕೌಂಟ್ ಒಂದು ವಾರನೂ ಸರಿ ಬಂದಿಲ್ಲ. ಯಾವ ಮಾತ್ರೆ ಅಂತ ಕೇಳಲ್ಲ. ಮರುಪರೀಕ್ಷೆ ಅಂತ ಬರೆದು ಪಕ್ಕಕ್ಕೆ ಇಟ್ಟಿದೀನಿ, ಅವರಿಗೆ ಕೊಟ್ಟಿಲ್ಲ. ಸೋಮವಾರದ ವಿಷಯ ನಿಮ್ಮನ್ನ ಕೇಳೋಕೆ ಬಂದಿಲ್ಲ ಅಕ್ಕಾ. ಕೇಳೋಕೆ ನನಗೆ ಮುಖ ಇಲ್ಲ.”

ಟ್ಯೂಬು ಎತ್ತಿಕೊಂಡು ಹೋದ. ಶಬ್ದವೇ ಇಲ್ಲದ ನಡಿಗೆ.

ಅಂದರೆ ನನ್ನ ಅಷ್ಟೂ ಮಾತ್ರೆ ನೀರಲ್ಲಿ ಹೋಮ. ಮಹಾನುಭಾವನ ಗ್ರಾಫ್‌ಗೆ ನನ್ನ ವಿಷ ಮುಟ್ಟಿಯೇ ಇಲ್ಲ. ಹಲ್ಲು ಕಡಿದು ಕಡಿದು ದವಡೆ ನೋಯುತ್ತಿದೆ. ಎಂಥ ಮನುಷ್ಯ ಇವನು. ಅವತ್ತು ಬಾಯಿ ಮುಚ್ಚಿ ನನ್ನನ್ನು ಮುಳುಗಿಸಿದ, ಈಗ ಬಾಯಿ ಮುಚ್ಚಿ ಕಾಪಾಡುತ್ತಿದ್ದಾನೆ. ಕಾಪಾಡು ಅಂತ ನಾನು ಕೇಳಿದ್ದೆನೇ?

ಮಾರ್ಚ್ 24, ಭಾನುವಾರ. ಸಂಜೆ

ಮಾತ್ರೆ ನುಂಗಲಿಲ್ಲ. ಡಬ್ಬಿಯಲ್ಲಿ ಎಂಟು ಉಳಿದಿವೆ.

ಲೆಕ್ಕಾಚಾರ ಹೀಗಿದೆ. ಸುಮ್ಮನಿದ್ದರೆ ಗಪ್‌ಚುಪ್ ಮುಳುಗುತ್ತಾನೆ, ಮಹಾನುಭಾವ ಇನ್ನೊಂದು ಸಲ ಮೀಸೆ ತಿರುವಿಕೊಂಡು ಓಡಾಡುತ್ತಾನೆ. ಬಾಯಿಮಾತಿನಲ್ಲಿ ಹೇಳಿದರೆ — ಯಾರಮ್ಮಾ ನೀನು? ಓ, ಹನ್ನೊಂದು ವರ್ಷದ ಹಿಂದೆ ಫ್ರೀಜರ್ ಕೆಡಿಸಿದವಳಾ? ಅಲ್ಲಿಗೆ ಮುಗಿಯಿತು. ನನ್ನ ಮಾತಿಗೆ ಯಾವ ಬೆಲೆ.

ಈ ಪುಸ್ತಕಕ್ಕೆ ಬೆಲೆ ಇದೆ. ತಾರೀಖು, ಗಂಟೆ, ಶಾಯಿ, ಅಚ್ಚು ಹಾಕಿದ ಪುಟಸಂಖ್ಯೆ. ಹಳೆಯ ಅಭ್ಯಾಸ, ಸಾಲು ಬಿಟ್ಟು ಬರೆದವಳಲ್ಲ. ಗಪ್‌ಚುಪ್‌ನನ್ನು ಉಳಿಸಲು ಹದಿನೆಂಟನೆಯ ತಾರೀಖಿನ ಪುಟವೊಂದೇ ಸಾಕು. ಆದರೆ ಅದರ ಹಿಂದಿನ ಪುಟದಲ್ಲಿ ಹತ್ತನೆಯ ತಾರೀಖಿದೆ. ಡಬ್ಬಿ ಇದೆ, ಅಮ್ಮನ ಮಾತ್ರೆ ಇದೆ. ಒಂದೇ ಹಾಳೆಯ ಎರಡು ಮಗ್ಗುಲು. ಹರಿದರೆ ಎರಡೂ ಹೋಗುತ್ತವೆ. ಮಸಿ ಬಳಿದರೆ? ಹರಿದ, ಅಳಿಸಿದ ಪುಸ್ತಕ ಸಾಕ್ಷಿಯಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಳೆ ಹರಿಯುವುದು ಮಹಾನುಭಾವನ ವಿದ್ಯೆ, ನನ್ನದಲ್ಲ.

ಪೂರ್ತಿ ಕೊಟ್ಟರೆ ನನ್ನ ಕಥೆ ಮುಗಿಯಿತು. ತೊಳೆದುಕೊಳ್ಳಬೇಕೆಂದಿದ್ದ ಹೆಸರಿಗೆ ನಾನೇ ಕೈಯಾರೆ ಮಸಿ ಬಳಿದ ಹಾಗೆ. ಆಗ ಮಾಡದ ತಪ್ಪಿಗೆ ಕೆಲಸ ಹೋಯಿತು, ಈಗ ಮಾಡಿದ ತಪ್ಪಿಗೆ ಮಾನವೂ ಹೋಗುತ್ತದೆ. ಎದುರಿನವರಿಗೆ ಅಪಶಕುನವಾಗಲಿ ಅಂತ ತನ್ನ ಮೂಗು ಕೊಯ್ದುಕೊಂಡನಂತೆ.

ಟೀಚರ್ ಕೇಳಿದರು, ಏನು ಅಷ್ಟೊಂದು ಬರೀತೀರಿ, ಮನೆಗೆ ಕಾಗದವೇ ಅಂತ. ಮೂಗು ಎಲ್ಲಿಂದ ಕೊಯ್ಯಬೇಕು ಅಂತ ಯೋಚಿಸುತ್ತಿದ್ದೇನೆ ಅಂದೆ. ಕಟ್ಟಿರೋ ಮೂಗು ಇದ್ದರೇನು ಹೋದರೇನು ಬಿಡಿ ಅಂದರು ಅವರು.

ಮಾರ್ಚ್ 25, ಸೋಮವಾರ. 9.50

ರಕ್ತ ಕೊಟ್ಟಾಯಿತು. ಈ ಸಲ ಶುದ್ಧ ರಕ್ತ. ಮುಖ್ಯಸ್ಥೆ ಬಂದಿದ್ದಾರೆ, ಗಾಜಿನಾಚೆ ಫ್ರಿಜ್ ನೋಡುತ್ತಿದ್ದಾರೆ. ಮಹಾನುಭಾವ ಪಕ್ಕದಲ್ಲೇ ನಿಂತು ಬಾಗಿಲು ತೆಗೆದು ತೋರಿಸುತ್ತಿದ್ದಾನೆ. ಗಪ್‌ಚುಪ್ ಗೋಡೆಗೆ ಅಂಟಿ ನಿಂತಿದ್ದಾನೆ. ಅವರನ್ನೆಲ್ಲ ಇಲ್ಲಿಗೆ ಕರೆ ಅಂತ ನರ್ಸ್‌ಗೆ ಹೇಳಿದ್ದೇನೆ, ಅವಳು ಹೋದಳು. ಬರುವಷ್ಟರಲ್ಲಿ ಇಷ್ಟು.

ಇದು ನಿನಗೆ, ಗಪ್‌ಚುಪ್. ಪುಸ್ತಕವನ್ನು ಮುಖ್ಯಸ್ಥೆಯ ಕೈಗೆ ಕೊಡುವುದಿಲ್ಲ, ನಿನ್ನ ಕೈಗೆ ಕೊಡುತ್ತೇನೆ. ಎಲ್ಲರೆದುರು ನೀನೇ ಓದಬೇಕು. ಮಹಾನುಭಾವನ ಮುಖ ನೋಡಿಕೊಂಡು ಓದಬೇಕು. ನಿನ್ನನ್ನು ಬೈದಿರುವುದನ್ನೂ ಓದು, ನಿನ್ನ ಆ ಮೂರು ಪದಗಳನ್ನೂ ಓದು. ನನ್ನ ಡಬ್ಬಿಯ ಪುಟ ಬಂದಾಗ ಅಕ್ಕ ಪಾಪ ಅಂತ ದಾಟಿಸಬೇಡ, ದಾಟಿಸಿದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ. ನಿನ್ನನ್ನು ಕ್ಷಮಿಸಿಲ್ಲ. ಇದು ಉಪಕಾರವಲ್ಲ, ಸೇಡು. ಅವನ ಮೇಲೆ, ನಿನ್ನ ಮೇಲೆ ಕೂಡ. ಹನ್ನೊಂದು ವರ್ಷ ಮುಚ್ಚಿದ ಬಾಯಿ ತೆರೆಯಲು ಎಷ್ಟು ಕಷ್ಟ ಅಂತ ನನ್ನ ಕಣ್ಣೆದುರೇ ನಿನಗೆ ಗೊತ್ತಾಗಬೇಕು.

ಬಂದರು. ಅವನು ಮುಂದೆ, ನೀನು ಎಲ್ಲರಿಗಿಂತ ಹಿಂದೆ.

ತಗೋ. ಮೊದಲ ಪುಟದಿಂದ, ಗಟ್ಟಿಯಾಗಿ. ಮಾರ್ಚ್ ನಾಲ್ಕು, ಸೋಮವಾರ, ಬೆಳಿಗ್ಗೆ ಏಳು ಹತ್ತು. ರಕ್ತ ಕೊಟ್ಟಾಯಿತು. ಎಂಟು —