ಮಾವನಿಗೆ ಕೊಟ್ಟ ಮೂಗು

ಮಾರ್ಚ್ ೩, ಬೆಳಿಗ್ಗೆ

ಗ್ಲಾಸು ತೊಳೆದಾಯಿತು. ಹನ್ನೆರಡು. ಸೋಪು ಹಾಕುವಂತಿಲ್ಲ, ಬಟ್ಟೆಯಲ್ಲಿ ಒರೆಸುವಂತಿಲ್ಲ. ಬಿಸಿನೀರು ಸುರಿದು ಬೋರಲು ಹಾಕಬೇಕು – ಮಾವನ ಕಟ್ಟಪ್ಪಣೆ. ಇವತ್ತು ಎರಡನೆಯ ಡಿಸ್ಟಿಲರಿ. ಇನ್ನೆರಡು ಬಾಕಿ. ಒಂದೊಂದು ಊರಿನ ರಮ್ಮಿಗೂ ಒಂದೊಂದು ಜಾತಕ ಇದೆ ಎನ್ನುತ್ತಾರೆ ಮಾವ. ನನಗೆ ಊರುಗಳೇ ಹೆಚ್ಚು ಇಷ್ಟ. ಬಸ್ಸಿಳಿದ ಕೂಡಲೇ ಹೊಸ ಗಾಳಿ.

ಅಮ್ಮನ ಫೋನು. ಶಾಲೆಗೆ ಹೋಗದ ಕಾಲು ಈಗ ದೇಶ ಸುತ್ತುತ್ತಿದೆಯಲ್ಲ ಎಂದಳು. ತನ್ನ ತಮ್ಮ ಹೇಗಿದ್ದಾನೆ ಎಂದು ಮಾವನ ಬಗ್ಗೆ ಕೇಳಿದಳು. ಊಟ ಮಾಡಿದರು ಎಂದೆ. ಅದು ನಿಜ.

ಮಾರ್ಚ್ ೩, ಮಧ್ಯಾಹ್ನ

ಎಂಟು ಪೀಪಾಯಿ ಪಾಸು, ಮೂರು ಫೇಲು. ಹೀಗೆ ನಡೆಯುತ್ತದೆ: ಗ್ಲಾಸು ಜೋಡಿಸುವ ನೆಪದಲ್ಲಿ ಮೊದಲು ನಾನು ಮೂಸುತ್ತೇನೆ. ಮೂಸಿದ್ದನ್ನು ಪುಸ್ತಕದಲ್ಲಿ ಬರೆಯುತ್ತೇನೆ – ಸುಟ್ಟ ಸಕ್ಕರೆ, ಕಳಿತ ಬಾಳೆಹಣ್ಣು, ಹಳೇ ಚಪ್ಪಲಿ. ಮಾವ ಗ್ಲಾಸು ತಿರುಗಿಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಉದ್ದಕ್ಕೆ ಉಸಿರೆಳೆಯುತ್ತಾರೆ. ಆಮೇಲೆ ಓರೆಗಣ್ಣಿನಲ್ಲಿ ನನ್ನ ಪುಟ ಓದುತ್ತಾರೆ. ನನ್ನ ಹಳೇ ಚಪ್ಪಲಿ ಅವರ ಬಾಯಲ್ಲಿ ‘ಹದವಾದ ಚರ್ಮ’ ಆಗುತ್ತದೆ. ಸುತ್ತ ನಿಂತವರು ತಲೆದೂಗುತ್ತಾರೆ.

ಮಾವ ಒಪ್ಪಿದ ಪೀಪಾಯಿಯನ್ನಷ್ಟೇ ಅವರ ರಮ್ಮಿನ ಕಂಪನಿ ಕೊಳ್ಳುತ್ತದೆ. ಮೂವತ್ತು ವರ್ಷದ ಹೆಸರು. ಹದಿನಾಲ್ಕು ತಿಂಗಳ ಹಿಂದೆ ಅವರಿಗೆ ಜ್ವರ ಬಂತು. ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಕಂಪನಿಗೆ ಗೊತ್ತಿಲ್ಲ. ಅತ್ತೆಗೂ ಗೊತ್ತಿಲ್ಲ. ನನಗೆ ಗೊತ್ತಾಗಿದ್ದು ಹಾಲು ಸೀದು ಮನೆಯೆಲ್ಲ ನಾರುತ್ತಿದ್ದ ದಿನ. ಮಾವ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು.

ಇದು ಮೋಸವಲ್ಲವೇ ಎಂದು ಹೊರಡುವ ಮೊದಲೇ ಕೇಳಿದ್ದೆ. ವಾಸನೆ ನಿಜ, ತೀರ್ಪು ನಿಜ, ಮೂಗು ಯಾರ ಮುಖದ ಮೇಲಿದ್ದರೇನು ಎಂದರು. ಒಪ್ಪಿಗೆಯಾಗಲಿಲ್ಲ. ಆದರೂ ಬಂದೆ. ತಿರುಗಾಟದ ಆಸೆ, ಅಷ್ಟೇ. ಷರತ್ತು ಒಂದು ಹಾಕಿದೆ – ಮೂಸದೆ ಒಂದಕ್ಷರ ಬರೆಯುವುದಿಲ್ಲ. ಮಾವ ನಕ್ಕರು. ನನ್ನ ಶಾಲೆಯ ಕಥೆ ಅವರಿಗೆ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ನಾಲ್ಕು ದಿನ ಚಕ್ಕರ್ ಹೊಡೆದಿದ್ದೆ. ಹೊಟ್ಟೆನೋವು ಅಂತ ಬರೆದುಕೊಡು, ಬಿಟ್ಟುಬಿಡ್ತೀನಿ ಎಂದರು ಮೇಷ್ಟ್ರು. ಹೊಟ್ಟೆ ಚೆನ್ನಾಗಿತ್ತು, ಪಾಠ ಬೇಜಾರು ಎಂದು ಬರೆದುಕೊಟ್ಟೆ. ಅಲ್ಲಿಗೆ ವಿದ್ಯೆ ಮುಗಿಯಿತು.

ಮಾರ್ಚ್ ೭, ಸಂಜೆ ೫

ಮೂರನೆಯ ಡಿಸ್ಟಿಲರಿ. ಮೂಸುವ ಕೆಲಸ ಮಧ್ಯಾಹ್ನವೇ ಮುಗಿದಿತ್ತು. ಇಲ್ಲಿ ಭಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ನೀರನ್ನು ಚೆಲ್ಲುವುದಿಲ್ಲ. ಹಿತ್ತಲಿನ ಗುಂಡಿಗೆ ಬಿಡುತ್ತಾರೆ. ವರ್ಷಗಟ್ಟಲೆ ಕೊಳೆಯುತ್ತದೆ. ಹೊಸ ಕಾಕಂಬಿಯನ್ನು, ಅಂದರೆ ಸಕ್ಕರೆ ತೆಗೆದು ಉಳಿದ ಕಪ್ಪು ಪಾಕವನ್ನು, ಹುಳಿಗೆ ಇಡುವಾಗ ಅದರಿಂದ ಒಂದೆರಡು ಬಕೆಟ್ ಸೇರಿಸುತ್ತಾರೆ. ಈ ಊರಿನ ರಮ್ಮಿನ ಘಮವೆಲ್ಲ ಆ ಕೊಳಕಿನಿಂದಲೇ ಅಂತೆ.

ಗುಂಡಿಯ ಮೇಲೆ ಹಲಗೆ ಮುಚ್ಚಿತ್ತು. ಹಲಗೆ ಸರಿಸಿದ ಮೇಸ್ತ್ರಿ, ದೂರ ನಿಲ್ಲು, ಬಗ್ಗಬೇಡ ಎಂದರು. ಬಗ್ಗಿದೆ. ನನಗೆ ಬೇಡ ಎಂದದ್ದೇ ಬೇಕು. ಸತ್ತ ಇಲಿ, ಕೆಟ್ಟ ಮೊಟ್ಟೆ, ಅದರಡಿ ಅನಾನಸಿನಂಥದ್ದೇನೋ... ಇನ್ನೂ ಬಗ್ಗಿದೆ. ಆಮೇಲೆ ಏನೂ ಇಲ್ಲ. ದೀಪ ಆರಿದ ಹಾಗೆ. ನಾತ ಹೋಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಮೇಸ್ತ್ರಿ ಜಡೆ ಹಿಡಿದು ಹಿಂದಕ್ಕೆಳೆದರು. ಅಂಗಾತ ಬಿದ್ದೆ.

“ನಾತ ಬಂದ್ರೆ ಹೆದರಬೇಡ ತಾಯಿ,” ಎಂದರು. “ಬರೋದು ನಿಂತ್ರೆ ಓಡು. ಆ ಗ್ಯಾಸು ಮೊದಲು ಮೂಗನ್ನ ಕೊಲ್ಲುತ್ತೆ. ನಮ್ಮ ಅಣ್ಣ ನಿಂತು ನೋಡ್ತಿದ್ದ.”

ಅವರ ಅಣ್ಣ ಏನಾದರು ಎಂದು ಕೇಳಲಿಲ್ಲ. ಅವರೇ ಹಲಗೆ ಎಳೆದು ಮುಚ್ಚಿದರು.

ಮಾರ್ಚ್ ೮

ಸೋಪಿಗೆ ವಾಸನೆಯಿಲ್ಲ. ಕಾಫಿ ಬರೀ ಬಿಸಿನೀರು. ಮಾವನ ಸಿಗರೇಟು ಮೂಗಿನ ಕೆಳಗೇ ಹಿಡಿದು ನೋಡಿದೆ. ಹೊಗೆ ಕಣ್ಣಿಗೆ ಚುಚ್ಚಿತು, ಅಷ್ಟೇ.

ಅಡಗಿಸಲಿಲ್ಲ. ತಿಂಡಿಗೆ ಕೂತಾಗಲೇ ಹೇಳಿದೆ. ಮಾವ ಮೊದಲು ನಕ್ಕರು. ಕುರುಡನ ಕೋಲನ್ನೂ ಗೆದ್ದಲು ತಿಂತಲ್ಲೇ ಎಂದರು. ಆಮೇಲೆ ತಟ್ಟೆ ಪಕ್ಕಕ್ಕೆ ತಳ್ಳಿದರು. ಎರಡು ದಿನದಲ್ಲಿ ಬರುತ್ತೆ ಬಿಡು ಎಂದು ಇಡೀ ದಿನದಲ್ಲಿ ಐದು ಸಲ ಹೇಳಿದರು. ನಾನು ಎಣಿಸಿದೆ.

ಮಾರ್ಚ್ ೧೨

ಬಂದಿಲ್ಲ.

ನಾಲ್ಕನೆಯ ಊರು. ಕೊನೆಯದು. ಲಾಡ್ಜಿನ ಕಿಟಕಿಯ ಕೆಳಗೇ ರಸ್ತೆ, ರಸ್ತೆಯ ತುದಿಗೆ ಡಿಸ್ಟಿಲರಿಯ ಗೇಟು. ಸಂಜೆ ಒಬ್ಬಳೇ ಒಳಗೆ ಸುತ್ತಿ ಬಂದೆ. ಯಾರೂ ತಡೆಯಲಿಲ್ಲ. ಕಾಕಂಬಿ ತೊಟ್ಟಿಯ ಮೇಲೆ ಒಂದು ನೊಣ ಇಲ್ಲ, ಜೇನು ಇಲ್ಲ. ಬೇರೆ ಮೂರೂ ಕಡೆ ಮುಖಕ್ಕೆ ಮುತ್ತುತ್ತಿದ್ದವು. ತೊಟ್ಟಿಯೊಳಗೆ ಇಣುಕಿದೆ. ಒಣಗಿ ಬಿರುಕು ಬಿಟ್ಟಿದೆ. ಬಾಯ್ಲರ್ ತಣ್ಣಗಿತ್ತು. ಬಾಗಿಲಲ್ಲಿ ಜೇಡ ಬಲೆ ಕಟ್ಟಿದೆ. ಆದರೆ ಗೋದಾಮಿನಲ್ಲಿ ನಲವತ್ತು ಪೀಪಾಯಿ, ಗಂಟಲಮಟ್ಟ ತುಂಬಿದವು. ಗೋಡೆಯ ಹಿಂದೆ ನೀಲಿ ಡ್ರಮ್ಮುಗಳು, ಲೇಬಲ್ ಕೆರೆದು ತೆಗೆದಿದ್ದಾರೆ.

ಪೀಪಾಯಿ ತುಂಬುವವನೊಬ್ಬ ಎದುರಿಗೆ ಬಂದ. ಗೋಡೆಗೆ ಅಂಗೈ ಒತ್ತಿಕೊಂಡೇ ನಡೆಯುತ್ತಿದ್ದ. ದಾರಿ ಬಿಟ್ಟು ನಿಂತೆ. ಯಾರದು ಎಂದು ಕೇಳಿದ. ಎರಡು ಮಾರು ದೂರದಲ್ಲಿ, ಬಿಸಿಲಲ್ಲಿ ನಿಂತಿದ್ದೆ.

ಓಡಿ ಬಂದು ಮಾವನಿಗೆ ಹೇಳಿದೆ. ಹೊರಗಿನಿಂದ ಏನೋ ತಂದು ತುಂಬಿದ್ದಾರೆ, ಲ್ಯಾಬಿಗೆ ಕಳಿಸೋಣ ಎಂದೆ. ಮಾವ ಬಹಳ ಹೊತ್ತು ಬೂಟಿನ ದಾರ ಬಿಚ್ಚಿದರು, ಮತ್ತೆ ಕಟ್ಟಿದರು. ಲ್ಯಾಬು ಬೇಕು ಅಂದ ದಿನ ಕಂಪನಿಗೆ ನಾನು ಬೇಡವಾಗ್ತೀನಿ ಎಂದರು. ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲವಂತೆ.

ಮಾರ್ಚ್ ೧೩

ಟೇಸ್ಟಿಂಗ್. ಉದ್ದನೆಯ ಮೇಜು, ಬಿಳಿ ಬಟ್ಟೆ. ಡಿಸ್ಟಿಲರಿಯ ಯಜಮಾನ ನಗುಮುಖದವನು, ಮಾವನಿಗೆ ತಾನೇ ಕುರ್ಚಿ ಎಳೆದುಕೊಟ್ಟ. ಗ್ಲಾಸು ಮೂಸಿದೆ. ಗಾಜು, ಬೇರೇನೂ ಇಲ್ಲ. ಪುಟ ಖಾಲಿ ಬಿಟ್ಟೆ.

ಮಾವ ಗ್ಲಾಸು ತಿರುಗಿಸಿದರು, ಕಣ್ಣು ಮುಚ್ಚಿದರು, ಉಸಿರೆಳೆದರು. ಓರೆಗಣ್ಣು ನನ್ನ ಪುಟಕ್ಕೆ ಬಂತು. ಅಲ್ಲೇ ನಿಂತಿತು. ನಾನು ಪುಟ ತಿರುಗಿಸಲಿ ಎಂದು ಕಾದರು. ತಿರುಗಿಸಲಿಲ್ಲ. ಆಮೇಲೆ ಹತ್ತು ದಿನದ ಹಿಂದಿನ ಮಾತನ್ನೇ ಗಿಳಿಪಾಠದ ಹಾಗೆ ಒಪ್ಪಿಸಿದರು – ಸುಟ್ಟ ಸಕ್ಕರೆ, ಬಾಳೆಹಣ್ಣು, ಹದವಾದ ಚರ್ಮ. ನಲವತ್ತಕ್ಕೆ ನಲವತ್ತೂ ಪಾಸು. ಸಹಿ.

“ಮೂಗು ಅಂದ್ರೆ ನಿಮ್ಮದೇ ಸರ್,” ಎಂದ ಯಜಮಾನ.

ಹದಿನಾರಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಹೊರಡುತ್ತದಂತೆ, ಅಲ್ಲಿಯವರೆಗೆ ನಾವೂ ಇಲ್ಲೇ. ಅಲ್ಲಿಂದ ನೇರ ಬಾಟಲಿಗೆ, ಬಾಟಲಿಯಿಂದ ಅಂಗಡಿಗೆ.

ಏಳುವಾಗ ಮೇಜಿನ ಮೇಲಿದ್ದ ಒಂದು ಸ್ಯಾಂಪಲ್ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ ೧೫, ಮಧ್ಯಾಹ್ನ ೩:೩೦

ಮೊದಲು ಬಂದದ್ದು ನನ್ನದೇ ಬೆವರಿನ ವಾಸನೆ. ಅಳು ಬಂತು. ಆಮೇಲೆ ಹಾಸಿಗೆಯ ಮುಗ್ಗಲು. ಚೀಲದಿಂದ ಸ್ಯಾಂಪಲ್ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ. ಮೇಲೆ ಸಕ್ಕರೆ, ದಪ್ಪ ಸಕ್ಕರೆ, ಬೇಕೆಂದೇ ಬಳಿದ ಹಾಗೆ. ಅದರಡಿ ಪೇಂಟ್ ತೆಗೆಯುವ ಥಿನ್ನರ್.

ಮಾವನಿಗೆ ಹೇಳಿದೆ.

“ಖಾತ್ರಿನಾ?”

ಖಾತ್ರಿ ಎಂದಿದ್ದರೆ ಸಾಕಿತ್ತು. ಒಂದು ಮಾತು. ಆದರೆ ಮೂಗು ಬಂದು ಒಂದು ಗಂಟೆಯಾಗಿತ್ತು, ಬಸ್ಸಿನ ಹೊಗೆಗೂ ಬಚ್ಚಲಿಗೂ ವ್ಯತ್ಯಾಸ ಸರಿಯಾಗಿ ಸಿಗುತ್ತಿರಲಿಲ್ಲ. ಅರ್ಧ ಖಾತ್ರಿ ಎಂದೆ.

ಆ ಅರ್ಧವನ್ನು ಮಾವ ಮುಳುಗುವವನು ಹಗ್ಗ ಹಿಡಿದ ಹಾಗೆ ಹಿಡಿದುಕೊಂಡರು. ನಿನಗೇ ಖಾತ್ರಿಯಿಲ್ಲ, ನನ್ನ ಮೂವತ್ತು ವರ್ಷ ಯಾಕೆ ಮಣ್ಣುಪಾಲು ಮಾಡ್ತೀಯ ಎಂದರು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಹಲ್ಲುಜ್ಜುವ ಗ್ಲಾಸು ತಂದರು. ಬಾಟಲಿಯಲ್ಲಿ ಇದ್ದುದನ್ನೆಲ್ಲ ಸುರಿದರು.

“ನಾನೇ ಕುಡೀತೀನಿ. ಏನೂ ಆಗದಿದ್ರೆ ನೀನು ಬಾಯಿ ಮುಚ್ಕೊಂಡಿರ್ತೀಯ. ಆಯ್ತಾ?”

ಕೈ ಹಿಡಿದೆ. ಕೊಸರಿದರು. ಸ್ವಲ್ಪ ಅಂಗಿಯ ಮೇಲೆ ಚೆಲ್ಲಿತು. ಉಳಿದದ್ದು ಒಳಗೆ. ನೋಡು ಎಂದು ಖಾಲಿ ಗ್ಲಾಸು ತೋರಿಸಿದರು, ಔಷಧಿ ಕುಡಿದ ಮಗುವಿನ ಹಾಗೆ.

ಸಂಜೆ ೬

ಚೆನ್ನಾಗಿದ್ದಾರೆ. ಊಟ ತರಿಸಿದರು. ಹಾಸ್ಯ ಮಾಡಿದರು. ನಾನೇ ತಪ್ಪಿರಬಹುದು. ತಪ್ಪಿರಲಿ.

ಅಂಗಿ ನೆನೆಸಿಟ್ಟೆ. ಬಕೆಟ್ಟಿನಿಂದ ವಾಸನೆ ಬರುತ್ತಲೇ ಇದೆ. ಈಗ ಅರ್ಧ ಅಲ್ಲ. ಪೂರ್ತಿ. ಹೇಳಿದೆ. ನಗುತ್ತಾ ಗೋಡೆಯ ಕಡೆ ತಿರುಗಿ ಮಲಗಿದರು.

ಮಾರ್ಚ್ ೧೬, ಬೆಳಿಗ್ಗೆ ೭:೩೦

ಮಾವ ಎರಡು ಸಲ ವಾಂತಿ ಮಾಡಿದರು. ಹೊಟ್ಟೆ ಹಿಡಿದುಕೊಂಡು ಕೂತಿದ್ದಾರೆ. ಕೋಣೆಯೊಳಗೆ ಮಂಜು ಯಾಕೆ ತುಂಬಿದೆ ಎಂದು ಕೇಳಿದರು. ಕಿಟಕಿಯಲ್ಲಿ ಕಣ್ಣು ಕೋರೈಸುವ ಬಿಸಿಲು.

ಎಷ್ಟು ಗಂಟೆಗೆ ಏನಾಯ್ತು ಅಂತ ಡಾಕ್ಟರು ಕೇಳ್ತಾರೆ, ಎಲ್ಲ ಬರೆದಿಡು ಎಂದು ಮಾವನೇ ಹೇಳಿದರು. ಕೈಗೆ ಸಿಕ್ಕಿದ್ದು ಈ ಪುಸ್ತಕ. ಕುಡಿದದ್ದು ನಿನ್ನೆ ಮೂರೂಕಾಲಿಗೆ. ಮಂಜು ಏಳಕ್ಕೆ. ಲಾಡ್ಜಿನವನು ಕಾರು ತರಲು ಹೋಗಿದ್ದಾನೆ.

೭:೫೦

ಡಿಸ್ಟಿಲರಿಗೆ ಫೋನು ಮಾಡಿದೆ. ಯಜಮಾನ ಇಲ್ಲ. ಒಪ್ಪಿದವರ ಸಹಿಯಿರುವ ಕಾಗದ ಇಲ್ಲದೆ ಲೋಡು ನಿಲ್ಲಿಸೋಕಾಗಲ್ಲ ಎಂದ ಗೇಟಿನವನು. ಕಂಪನಿಯಲ್ಲಿ ಹತ್ತರವರೆಗೆ ಯಾರೂ ಫೋನು ಎತ್ತುವುದಿಲ್ಲ.

ಮಾವ ಹೇಳುತ್ತಾ ಹೋದರು, ನಾನು ಬರೆದೆ. ನಲವತ್ತು ಪೀಪಾಯಿಯ ಒಪ್ಪಿಗೆ ರದ್ದು. ಕಣ್ಣು ತೆಗೆಯುವ ವಿಷ ಇದೆ. ಅಷ್ಟಕ್ಕೆ ನಿಲ್ಲಿಸಿದರು. ಕಾರಣ ಬೇಕು ಎಂದೆ. ಮತ್ತೆ ವಾಂತಿ. ಮುಖ ಒರೆಸಿದೆ.

“ಬರಿ,” ಎಂದರು. “ಹದಿನಾಲ್ಕು ತಿಂಗಳಿಂದ ನನಗೆ ವಾಸನೆ ಗೊತ್ತಾಗಲ್ಲ ಅಂತ ಬರಿ. ನಿನ್ನ ಹೆಸರು ಬೇಡ.”

ನನ್ನ ಹೆಸರನ್ನೂ ಬರೆದೆ. ಅವರಿಗೆ ಕಾಣುವುದಿಲ್ಲ. ಓದಿ ಹೇಳಿದೆ. ಬೈದರು.

೮:೧೫

ಸಹಿ ಕಾಗದದಾಚೆ ಮೇಜಿನ ಮೇಲೆ ಹೋಯಿತು. ಇನ್ನೊಂದು ಪ್ರತಿ ಬರೆದೆ. ಈ ಸಲ ಅವರ ಮಣಿಕಟ್ಟು ಹಿಡಿದು ಪೆನ್ನು ಗೆರೆಯ ಮೇಲೆ ಇಟ್ಟೆ. ಕೈ ತಣ್ಣಗಿದೆ. ಕಿಟಕಿ ಮುಚ್ಚಿದೆಯಾ ಎಂದು ಕೇಳಿದರು. ಇಲ್ಲ ಎಂದೆ.

ಸಹಿ ಆಯಿತು. ಕಾರು ಬಂದಿಲ್ಲ. ಇವರನ್ನು ಬಿಟ್ಟು ಗೇಟಿಗೆ ಓಡಬೇಕು. ಓಡು ಎನ್ನುತ್ತಿದ್ದಾರೆ, ಆದರೆ ನನ್ನ ಸೆರಗು ಬಿಡುತ್ತಿಲ್ಲ. ಹಿಡಿದಿದ್ದಾರೆಂದು ಅವರಿಗೇ ಗೊತ್ತಿಲ್ಲ.

೮:೨೦

ಕಿಟಕಿಯ ಕೆಳಗೆ ಲಾರಿ. ಒಂಬತ್ತಕ್ಕೆ ಅಂದಿದ್ದರಲ್ಲ. ಟಾರ್ಪಾಲು ಬಿಗಿದಿದೆ. ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಸೆರಗು ಬಿಡಿಸಿಕೊಂಡು, ಕಾಗದ ಹಿಡಿದು ಓಡುತ್ತೇನೆ.